ಬಲಕ್ಕೆ ಬಿದ್ದ ಹೂವು, ಅಂಗಳಕ್ಕೆ ಬಂದ ಆಕ್ಸಲ್

ಕೊಟ್ಟೂರಿನ ನಮ್ಮ ಮನೆಯ ಅಂಗಳದಲ್ಲಿ ಒಂದು ಮಲ್ಲಿಗೆ ಬಳ್ಳಿ ಇದೆ. ಅದು ಹಬ್ಬಿರುವುದು ಚಪ್ಪರದ ಮೇಲಲ್ಲ, ಒಂದು ದೊಡ್ಡ ಗಾಡಿಯ ಮುಂದಿನ ಆಕ್ಸಲ್ ಮೇಲೆ. ಎದೆಯೆತ್ತರದ ಕಬ್ಬಿಣದ ತೊಲೆ, ನಡುವೆ ಗಡಿಗೆಯಂಥ ಉಬ್ಬು, ತುದಿಯಲ್ಲಿ ಗಾಲಿ ಕೂರುವ ತಟ್ಟೆ. ಒಂದು ತುದಿಯನ್ನು ನೆಲದಲ್ಲಿ ಹೂತು ನಿಲ್ಲಿಸಿದ್ದೇವೆ. ಗ್ಯಾಸ್ ಸಿಲಿಂಡರ್ ತಂದವನೊಬ್ಬ ಚಪ್ಪಲಿ ಬಿಟ್ಟು ಬಂದು "ಇದು ಯಾವ ದೇವರ್ರೀ ಅಕ್ಕಾ?" ಎಂದು ಕೇಳಿದ್ದುಂಟು. ಯಾರೋ ಒಮ್ಮೆ ಆ ಉಬ್ಬಿಗೆ ಕುಂಕುಮವನ್ನೂ ಹಚ್ಚಿದ್ದರು. ನನಗೆ ನಮ್ಮ ಅತ್ತೆಯ ಮೇಲೇ ಅನುಮಾನ.

ಮೊನ್ನೆ ಸಂಜೆ ಈ ವರ್ಷದ ಮೊದಲ ಮಳೆ ಬಿತ್ತು. ಆ ಕಬ್ಬಿಣದ ಹೊಟ್ಟೆಯಲ್ಲಿ ಇನ್ನೂ ಎಲ್ಲೋ ಅಂಟಿಕೊಂಡಿರುವ ಹಳೇ ಗೇರ್ ಆಯಿಲ್‌ನ ಕಮಟು, ಅದರ ಜೊತೆಗೆ ಆಗಷ್ಟೇ ಬಿರಿಯುತ್ತಿದ್ದ ಮಲ್ಲಿಗೆಯ ಕಂಪು, ಎರಡೂ ಕೂಡಿಕೊಂಡು ಅಡುಗೆಮನೆಗೆ ಬಂದವು. ರೊಟ್ಟಿ ಬಡಿಯುತ್ತಿದ್ದ ನನ್ನ ಕೈ ನಿಂತಿತು. ಆ ಒಂದು ಬೇಸಿಗೆ, ಆ ಒಂದು ಮುಂಗಾರು ಕಣ್ಣ ಮುಂದೆ ಬಂದು ಒಬ್ಬಳೇ ನಗತೊಡಗಿದೆ. ಹಂಚಿನ ಮೇಲಿದ್ದ ರೊಟ್ಟಿ ಸೀದುಹೋಯಿತು.

ಆ ವರ್ಷ ನನಗೆ ಹಿರೇಹಡಗಲಿಯ ಆಚೆ ಒಂದು ಸಣ್ಣ ಊರಿನ ಹೈಸ್ಕೂಲಿಗೆ ವಿಜ್ಞಾನ ಶಿಕ್ಷಕಿಯಾಗಿ ವರ್ಗವಾಗಿತ್ತು. ಡಾಂಬರು ರಸ್ತೆ ಒಂದು ಬೇವಿನ ಮರದ ಹತ್ತಿರ ಮುಗಿಯುತ್ತಿತ್ತು. ಅಲ್ಲಿಂದ ಶಾಲೆಯವರೆಗೆ ಕರಿಮಣ್ಣಿನ ಎರೆಹೊಲಗಳ ನಡುವಿನ ಬಂಡಿ ದಾರಿ, ಮಧ್ಯೆ ಒಂದು ಹಳ್ಳ. ನಾನು ಕೂಡ್ಲಿಗಿಯ ಕೆಂಪು ಮಣ್ಣಿನವಳು. ನಮ್ಮ ಕಡೆಯ ಮಣ್ಣು ಎಷ್ಟು ಮಳೆ ಬಿದ್ದರೂ ಕಾಲು ಕೊಡವಿದರೆ ಉದುರುತ್ತದೆ. ಎರೆಮಣ್ಣು ಹಾಗಲ್ಲ, ಬಂದ ನೆಂಟರನ್ನು ಉಂಡು ಹೋಗಿ ಎಂದು ಸೆರಗು ಹಿಡಿದು ಜಗ್ಗುವ ಅಜ್ಜಿಯ ಹಾಗೆ, ಬಿಡುವುದೇ ಇಲ್ಲ. ಚಪ್ಪಲಿ ಅಲ್ಲೇ, ಕಾಲು ಮಾತ್ರ ನಮ್ಮದು. ಮಳೆಗಾಲದಲ್ಲಿ ಆ ದಾರಿಯಲ್ಲಿ ಬೈಕು, ಸ್ಕೂಟರು, ಆಟೋ ಯಾವುದೂ ಬರುತ್ತಿರಲಿಲ್ಲ. ನನ್ನ ಹಿಂದಿನ ಟೀಚರು ಮಳೆಗಾಲ ಬಂತೆಂದರೆ ಆ ಊರಲ್ಲೇ ಒಂದು ಕೋಣೆ ಹಿಡಿದು ಇದ್ದುಬಿಡುತ್ತಿದ್ದರಂತೆ.

ನನಗೆ ಮನೆ ಬಿಟ್ಟಿರುವುದು ಬೇಕಿರಲಿಲ್ಲ. ಮದುವೆಯಾಗಿ ಎರಡನೇ ವರ್ಷ, ಗಂಡನ ಜೊತೆ ಜಗಳ ಮಾಡುವ ರುಚಿ ಆಗಷ್ಟೇ ಹತ್ತಿತ್ತು. ಅದಕ್ಕೇ ಹರಪನಹಳ್ಳಿಯ ಒಬ್ಬ ಹುಡುಗನಿಂದ ಒಂದು ಹಳೇ ಜೀಪು ಕೊಂಡೆ. ನಾಲ್ಕೂ ಗಾಲಿಗೆ ಎಳೆತವಿರುವ ಜೀಪು. ಆ ಹುಡುಗ ಗುಡ್ಡ ಹತ್ತಿಸುವ ಹುಚ್ಚಿನಲ್ಲಿ ಸ್ಪ್ರಿಂಗಿನ ಕಮಾನು ಪಟ್ಟಿಗಳ ಕೆಳಗೆ ಕಬ್ಬಿಣದ ಪ್ಯಾಕಿಂಗ್ ಒತ್ತೊತ್ತಿ ಇಟ್ಟು, ಟ್ರಾಕ್ಟರಿನದೇ ಇರಬೇಕೆನ್ನುವಂಥ ಟೈರು ಹಾಕಿ, ಅದನ್ನು ಒಂಟೆಯಷ್ಟು ಎತ್ತರ ಮಾಡಿದ್ದ. ಮದುವೆಯಾಯಿತು, ಹೆಂಡತಿ ಹತ್ತಲಾರೆ ಎಂದಳು, ಮಾರಿದ. ಅಪ್ಪನ ಟ್ರಾಕ್ಟರ್ ಓಡಿಸಿ ಬೆಳೆದ ನನಗೆ ಎತ್ತರದ ಭಯವಿರಲಿಲ್ಲ. ಸೀರೆಯ ನಿರಿಗೆ ಎತ್ತಿ ಕಟ್ಟಿ ಒಂದೇ ನೆಗೆತಕ್ಕೆ ಹತ್ತುತ್ತಿದ್ದೆ.

ಅತ್ತೆ ಮೊದಲ ದಿನವೇ ಕಟ್ಟೆಯ ಮೇಲೆ ಕೂತು ಅದನ್ನು ಮೇಲಿಂದ ಕೆಳಗೆ ನೋಡಿ, "ಹೆಣ್ಮಕ್ಕಳು ಇಷ್ಟೆತ್ತರ ಕುಂತು ಊರಾಗ ಹೋಗಾದು ಚೆಂದೇನು?" ಎಂದಿದ್ದರು. ಆಮೇಲೆ ಒಂದು ಮಾತೂ ಆಡಲಿಲ್ಲ. ಆದರೆ ದಿನಾ ಬೆಳಗ್ಗೆ ಅಂಗಳ ಗುಡಿಸಿದ ಮೇಲೆ ಒಂದು ಒದ್ದೆ ಬಟ್ಟೆ ತಂದು, ತುದಿಗಾಲಲ್ಲಿ ನಿಂತು, ಕೈ ಚಾಚಿ ನನ್ನ ಪಕ್ಕದ ಸೀಟನ್ನು ಒರೆಸಿ ಹೋಗುತ್ತಿದ್ದರು. ಯಾರೂ ಕೂರದ ಸೀಟನ್ನು ಯಾಕೆ ಒರೆಸುತ್ತಾರೋ! ನನ್ನ ಗಾಡಿ ಕೊಳಕು ಎಂದು ಬೇಕಂತಲೇ ಚುಚ್ಚುತ್ತಿದ್ದಾರೆ ಎಂದುಕೊಂಡು ನಾನೂ ಮುಖ ಊದಿಸಿಕೊಳ್ಳುತ್ತಿದ್ದೆ.

ಜೀಪಿಗೆ ಒಂದು ರೋಗವಿತ್ತು. ಸ್ವಲ್ಪ ವೇಗ ಹಿಡಿದು ಒಂದು ಸಣ್ಣ ತಗ್ಗು ಹಾರಿದರೆ ಸಾಕು, ಮುಂದಿನ ಗಾಲಿಗಳು ಗಡಗಡ ನಡುಗಿ ಸ್ಟೀರಿಂಗ್ ಮೈಮೇಲೆ ದೇವರು ಬಂದಂತೆ ಕುಣಿಯುತ್ತಿತ್ತು. ನಿಲ್ಲಿಸಿದರೆ ಮಾತ್ರ ಶಾಂತ. ಒಂದು ದಿನ ಹಗರಿಬೊಮ್ಮನಹಳ್ಳಿಯಲ್ಲಿ ಕಚೇರಿ ಮುಗಿಸಿದ ನನ್ನ ಗಂಡ ಬಸವರಾಜ ನನ್ನ ಜೊತೆ ಜೀಪಿನಲ್ಲಿ ಬಂದರು. ದಾರಿಯಲ್ಲಿ ಆ ಕುಣಿತ ನೋಡಿ ಅವರ ಮುಖದಲ್ಲಿ ರಕ್ತ ಉಳಿಯಲಿಲ್ಲ. ಮನೆಗೆ ಬಂದು ನೀರು ಕುಡಿದು ಹೇಳಿದರು:

"ಸುಜಾತಾ, ಮುಂಗಾರು ಹಿಡಿಯಾದ್ರೊಳಗ ಇದರ ಮುಂದಿನ ಭಾಗ ಸರಿ ಆಗಬೇಕು. ಮಳ್ಯಾಗ ಆ ಎರಿ ದಾರಿ ಒಮ್ಮೆ ದಾಟಿ ತೋರಿಸು, ಗಾಡಿ ಇರಲಿ. ಇಲ್ಲಾಂದ್ರ ಮಾರಿಬಿಡೂಣು, ನೀ ಅಲ್ಲೇ ಕೋಣೆ ಮಾಡು. ನನಗ ಹೆಂಡತಿ ಬೇಕು, ಹಾರ ಹಾಕಿದ ಫೋಟೋ ಅಲ್ಲ."

ಬೈಗುಳವೋ ಪ್ರೀತಿಯೋ, ಎರಡೂ ಇತ್ತು. ನಾನು ಒಪ್ಪಿದೆ.

ಕೊಟ್ಟೂರಿನ ಮೆಕ್ಯಾನಿಕ್ ದಾದಾಪೀರಣ್ಣನ ಶೆಡ್ಡಿಗೆ ಜೀಪು ಹೋಯಿತು. ಆತ ಕೆಳಗೆ ನುಸುಳಿ, ಗಾಲಿ ಅಲ್ಲಾಡಿಸಿ, ಒಂದು ಚಾ ಕುಡಿದು ರೋಗ ಹೇಳಿದ. ಗಾಡಿ ಎತ್ತರವಾಗಿದೆ, ಟೈರು ದೊಡ್ಡವಾಗಿವೆ, ಮುಂದಿನ ಆಕ್ಸಲ್ ಮಾತ್ರ ಹಳೇದೇ, ಸಣ್ಣದು. ಅದರ ಕೀಲುಗಳು ಸವೆದಿವೆ. ಎರಡು ದಾರಿ ಇವೆ. ಒಂದು, ಯಾವುದಾದರೂ ದೊಡ್ಡ ಗಾಡಿಯ ಗಟ್ಟಿ ಆಕ್ಸಲ್ ತಂದು ಮುಂದೆ ಕೂರಿಸುವುದು, ಬ್ರೇಕೂ ಚೆನ್ನಾಗಿ ಹಿಡಿಯುತ್ತದೆ. ಇನ್ನೊಂದು, ಹಳೇದನ್ನೇ ರಿಪೇರಿ ಮಾಡಿ ಎತ್ತರ ಇಳಿಸುವುದು. ಆದರೆ ಬದಲಿಸಬೇಕೆಂದರೆ ಆಕ್ಸಲ್ ಕೂರಿಸಿದ ಹಳೆಯ ಹಿಡಿಕೆಗಳನ್ನು ಕತ್ತರಿಸಿ ಹೊಸದನ್ನು ವೆಲ್ಡಿಂಗ್ ಮಾಡಬೇಕು. ಕತ್ತರಿಸಿದ ಮೇಲೆ ಹಿಂದಕ್ಕೆ ಬರುವಂತಿಲ್ಲ.

"ಯಾವುದು ಚಲೋ, ನೀನೇ ಹೇಳಣ್ಣ," ಎಂದೆ.

ದಾದಾಪೀರಣ್ಣ ಕೈ ಒರೆಸಿಕೊಳ್ಳುತ್ತಾ, "ನೋಡ್ರಿ ಮೇಡಂ, ಮುಂದಿನ ಕಾಲು ಹಿಂದಿನ ಕಾಲಿಗೆ ದಾರಿ ಮಾಡಿಕೊಡಬೇಕು. ನಾ ಹೇಳಾದು ಅಷ್ಟ," ಎಂದು ಇನ್ನೊಂದು ಗಾಡಿಯ ಕೆಳಗೆ ಹೋಗಿಬಿಟ್ಟ.

ಮೈಲಾರದ ಜಾತ್ರೆಯಲ್ಲಿ ಕಾರಣಿಕದ ಒಗಟಿನ ಮಾತು ಬಂದ ಮರುದಿನ ಊರೂರಲ್ಲಿ ಅದರ ಅರ್ಥ ಬಿಡಿಸುತ್ತಾರಲ್ಲ, ಹಾಗಾಯಿತು ನಮ್ಮ ಮನೆಯಲ್ಲಿ. "ಮುಂದಿನ ಕಾಲು ಗಟ್ಟಿ ಇರಬೇಕು, ಬದಲಿ ಮಾಡು ಅಂತ ಅರ್ಥ" ಎಂದು ನನ್ನ ಗಂಡ ಒಂದು ದಿನ ಹೇಳಿದರು. ಮರುದಿನ "ಆದರೂ ನೋಡು, ಹಳೇದು ಹಳೇದೇ" ಎಂದರು. ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ಅವರು ನಿಸ್ಸೀಮರು. ಶಾಲೆಯ ಪಿ.ಟಿ. ಮಾಸ್ತರು, "ದಾರಿ ಮಾಡಿಕೊಡಬೇಕು ಅಂದ್ರ ಮುಂದಿನದು ಹಗುರ ಇರಬೇಕ್ರಿ, ಮುಟ್ಟಬ್ಯಾಡ್ರಿ" ಎಂದರು. ಚಾದಂಗಡಿಯಲ್ಲಿ, ಕೂಡ್ಲಿಗಿಯ ತವರಿನಲ್ಲಿ, ಒಂದು ಮದುವೆಯ ಊಟದ ಪಂಕ್ತಿಯಲ್ಲಿ ಕೂಡ ನನ್ನ ಆಕ್ಸಲ್ಲೇ ಸುದ್ದಿ. ಹತ್ತು ಜನ ಸೇರಿದರೆ ಹಾವು ಸಾಯಲ್ಲ ಎಂಬ ಗಾದೆ ನನಗೆ ಆಗ ಚೆನ್ನಾಗಿ ಅರ್ಥವಾಯಿತು. ಅತ್ತೆಯ ವ್ಯಾಖ್ಯಾನ ಎಲ್ಲರದಕ್ಕಿಂತ ಬೇರೆ: "ಮುಂದಿನ ಕಾಲು ಅಂದ್ರ ಹಿರೇರು. ಹಿರೇರು ಹೇಳಿದಂಗ ಕಿರೇರು ನಡೀಬೇಕು."

"ಹಂಗಾರ ಹಿರೇರು ಏನು ಹೇಳ್ತೀರಿ ಅತ್ತಿ?" ಎಂದು ಸ್ವಲ್ಪ ಖಾರವಾಗಿಯೇ ಕೇಳಿದೆ.

"ನಾ ಏನು ಹೇಳಲಿ? ಹನುಮಪ್ಪನ್ನ ಕೇಳ್ತೀನಿ," ಎಂದರು.

ನಮ್ಮ ಕಡೆ ಹೂವು ಕೇಳುವುದೆಂದರೆ ಹೀಗೆ. ಪೂಜಾರಿ ದೇವರ ಎರಡೂ ಭುಜಕ್ಕೆ ನೀರು ಹಚ್ಚಿ ಹೂವು ಅಂಟಿಸುತ್ತಾನೆ. ಕೇಳುವವರು ಕಣ್ಣು ಮುಚ್ಚಿ ಪ್ರಶ್ನೆಯನ್ನು ಮನಸ್ಸಿನಲ್ಲೇ ಕೇಳಬೇಕು. ಬಲದ ಹೂವು ಬಿದ್ದರೆ ಹೂಂ, ಎಡದ್ದು ಬಿದ್ದರೆ ಊಹೂಂ. ಕೇಳಿದ್ದನ್ನು ಬಾಯಿಬಿಟ್ಟು ಹೇಳಬಾರದು, ಕೆಲಸ ಕೈಗೂಡಿದ ಮೇಲೆ ಹೇಳಬಹುದು. ಮಗಳ ಮದುವೆಗೆ, ಬೋರ್‌ವೆಲ್ ಕೊರೆಸುವುದಕ್ಕೆ, ಆಪರೇಷನ್ನಿಗೆ ಹೂವು ಕೇಳಿದ್ದನ್ನು ನೋಡಿದ್ದೆ. ಜೀಪಿನ ಆಕ್ಸಲ್‌ಗೆ ಕೇಳಿದ್ದು ಬಹುಶಃ ನಾವೇ ಮೊದಲು. ವಿಜ್ಞಾನದ ಟೀಚರಾದ ನಾನು ಊರ ಹೊರಗಿನ ಆ ಸಣ್ಣ ಗುಡಿಯಲ್ಲಿ ಕೈಮುಗಿದು ನಿಂತು, ಉಸಿರು ಬಿಗಿಹಿಡಿದು ಆ ಎರಡು ಮಲ್ಲಿಗೆ ಹೂವುಗಳನ್ನು ನೋಡುತ್ತಿದ್ದೆ. ಅತ್ತೆ ಕಣ್ಣು ಮುಚ್ಚಿ ತುಂಬ ಹೊತ್ತು ತುಟಿ ಅಲ್ಲಾಡಿಸಿದರು. ಹೂವು ಪಟ್ಟನೆ ಬಲಕ್ಕೆ ಬಿತ್ತು. ಅತ್ತೆಯ ಮುಖ ಹೊಸ ಮದುವಣಗಿತ್ತಿಯ ಮುಖದಂತೆ ಕೆಂಪಾಯಿತು.

ದೇವರೇ ಹೂಂ ಎಂದ ಮೇಲೆ ತಕರಾರು ಏನು? ನಾನು, ಬಸವರಾಜ, ದಾದಾಪೀರಣ್ಣ ಮೂವರೂ ಹರಪನಹಳ್ಳಿಯ ಗುಜರಿಗೆ ಹೋದೆವು. ಗುಜರಿಯವರು, "ಇದು ಮಿಲಿಟರಿ ಮಾಲು ಕಣ್ರೀ, ನಿಮ್ ಜೀಪು ಹೋದ್ರೂ ಇದು ಇರುತ್ತೆ" ಎಂದು ಒಂದು ಆಕ್ಸಲ್ ಮೇಲೆ ಕೈಯಿಂದ ತಟ್ಟಿ ತೋರಿಸಿದರು. ನಾಲ್ಕು ಜನ ಎತ್ತಿ ಟೆಂಪೋಕ್ಕೆ ಹಾಕಿದರು. ದಾದಾಪೀರಣ್ಣ ದಾರಿಯುದ್ದಕ್ಕೂ ಅದನ್ನೇ ತಿರುಗಿ ತಿರುಗಿ ನೋಡುತ್ತಿದ್ದ. ಅವನ ಕೈ ಕಡಿಯುತ್ತಿತ್ತು. ಅಂಥ ಕೆಲಸವನ್ನು ಅವನೂ ಅಲ್ಲಿಯವರೆಗೆ ಮಾಡಿರಲಿಲ್ಲ, ಮಾಡುವ ಆಸೆ ಬೆಟ್ಟದಷ್ಟಿತ್ತು. ಸೋಮವಾರ ಕತ್ತರಿಸುವುದು ಎಂದು ನಿಶ್ಚಯವಾಯಿತು.

ಶನಿವಾರ ಅರ್ಧ ದಿನದ ಶಾಲೆ. ಬೆಳಗ್ಗೆ ಒಂದು ಸಣ್ಣ ಬೇಸಿಗೆ ಮಳೆ ಬಿದ್ದು ದಾರಿಯ ಮೇಲ್ಪದರ ಮಾತ್ರ ನೆನೆದಿತ್ತು. ನಾನು ಮೆಲ್ಲಗೆ ವಾಪಸ್ ಬರುತ್ತಿದ್ದಾಗ ಮುಂದೆ ಒಂದು ಬಂಡಿ ನಿಂತಿತ್ತು. ಎತ್ತಿನ ಕೊರಳ ಹಗ್ಗ ಸರಿಮಾಡುತ್ತಿದ್ದ ಯಜಮಾನರು "ಒಂದೀಟು ತಡೀರಿ ಟೀಚರ್ರ" ಎಂದರು. ನಾನು ಇಳಿದು ಸುಮ್ಮನೆ ಹಿಂದಕ್ಕೆ ನಾಲ್ಕು ಹೆಜ್ಜೆ ನಡೆದೆ. ಕಣ್ಣು ನೆಲದ ಮೇಲೆ ಬಿತ್ತು. ನನ್ನ ಜೀಪಿಗೆ ಗಾಲಿ ನಾಲ್ಕು, ಆದರೆ ಮಣ್ಣಿನಲ್ಲಿ ಗೆರೆ ಎರಡೇ. ಮುಂದಿನ ಗಾಲಿ ಒತ್ತಿ ಗಟ್ಟಿ ಮಾಡಿದ ಜಾಡಿನಲ್ಲೇ ಹಿಂದಿನ ಗಾಲಿ ಕಾಲಿಟ್ಟು ಬಂದಿತ್ತು. ಮುಂದಿನ ಕಾಲು ಹಿಂದಿನ ಕಾಲಿಗೆ ದಾರಿ ಮಾಡಿಕೊಟ್ಟಿತ್ತು!

ಅಲ್ಲೇ ನಿಂತು ಜೋರಾಗಿ "ಅಯ್ಯೋ" ಎಂದೆ. ಯಜಮಾನರು ಹಾವು ಕಂಡಿತೇನೋ ಎಂದು ಓಡಿಬಂದರು. ಅವರ ಹತ್ತಿರವೇ ಒಂದು ಹಗ್ಗ ಇಸಿದುಕೊಂಡು ಎರಡು ಮುಂದಿನ ಗಾಲಿಗಳ ನಡುವಿನ ಅಗಲಕ್ಕೆ ಗಂಟು ಹಾಕಿದೆ. ಹಿಂದಿನ ಗಾಲಿಗೆ ಹಿಡಿದೆ, ಸರಿಯಾಗಿ ಕೂತಿತು. ಸೀದಾ ಶೆಡ್ಡಿಗೆ ಹೋಗಿ ಹರಪನಹಳ್ಳಿಯ ಆಕ್ಸಲ್‌ಗೆ ಹಿಡಿದರೆ, ಗಂಟು ಒಂದು ಗೇಣು ಮೊದಲೇ ಮುಗಿದುಹೋಯಿತು.

"ದಾದಾಪೀರಣ್ಣ, ಇದು ಅಗಲ ಐತಲ್ಲ! ಮುಂದೊಂದು ಜಾಡು, ಹಿಂದೊಂದು ಜಾಡು ಆದ್ರ ಎರಿ ಮಣ್ಣಾಗ ಹಿಂದಿನ ಗಾಲಿ ತನ್ನ ದಾರಿ ತಾನ ಕೊರೀಬೇಕು. ಹುಗದು ಬಿಡತೈತಿ."

"ಮೊದಲ ದಿನನ ಹೇಳಿದ್ನಲ್ರಿ ಮೇಡಂ!" ಎಂದ ಆತ. "ಹಾಕಿದ್ರ ಹಿಂದ ಮುಂದ ಎರಡೂ ಹಾಕಬೇಕು, ಇಲ್ಲಾಂದ್ರ ಒಂದೂ ಬ್ಯಾಡ."

"ಹಿಂಗ ಬಿಡಿಸಿ ಹೇಳಿದ್ದೇನು ನೀನು? ಮತ್ತ ಹರಪನಹಳ್ಳಿಗೆ ಯಾಕ ಬಂದಿ?"

ದಾದಾಪೀರಣ್ಣ ತಲೆ ಕೆರೆದುಕೊಂಡು ನಕ್ಕ. "ನೀವು ಹೂವು ಬಲಕ್ಕ ಬಿತ್ತು ಅಂದ್ರಿ. ಹನುಮಪ್ಪ ಹೂಂ ಅಂದ ಮ್ಯಾಲ ದಾದಾಪೀರ್ ಊಹೂಂ ಅನ್ನಾಕ ಆಕ್ಕೈತೇನ್ರಿ? ನನಗೂ ಒಂದು ಕೈ ನೋಡೂಣು ಅಂತ ಆಸೆ ಇತ್ತು, ಸುಳ್ಳು ಯಾಕ ಹೇಳ್ಲಿ."

ಇಬ್ಬರೂ ಅಲ್ಲೇ ಆ ಆಕ್ಸಲ್ ಮೇಲೇ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆಮೇಲೆ ನನ್ನ ನಗು ನಿಂತಿತು. ದೇವರ ಹೂವನ್ನು ಮೀರಿದೆ ಎಂದು ಅತ್ತೆಗೆ ಹೇಳುವುದು ಹೇಗೆ? ಗುಜರಿಯಿಂದ ಹೊರಬಿದ್ದ ಮಾಲು ವಾಪಸ್ ಹೋಗುವುದೂ ಇಲ್ಲ.

ಸಂಜೆ ಅವರು ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತಿದ್ದರು. ನಾನೂ ಪಕ್ಕದಲ್ಲಿ ಕೂತು ಒಂದು ಹಿಡಿ ಸುಲಿದು, ಮೆಲ್ಲಗೆ ಬಾಯಿಬಿಟ್ಟೆ. "ಅತ್ತಿ, ಆಕ್ಸಲ್ ಬದಲಿ ಮಾಡಾದು ಬ್ಯಾಡ ಅನಸ್ತೈತಿ. ಹಳೇದನ್ನ ರಿಪೇರಿ ಮಾಡಿಸಿ ಗಾಡಿನ ಒಂದಿಷ್ಟು ಕೆಳಗ ಇಳಿಸ್ತಾರಂತ."

ಅವರ ಕೈ ನಿಂತಿತು. "ಕೆಳಗ ಇಳಿಸ್ತಾರ? ಎಷ್ಟು?"

"ಒಂದು ಗೇಣು ಇಳೀಬಹುದು."

"ಹಂಗಾರ ಬ್ಯಾಡ ಬಿಡು, ಬದಲಿ ಯಾಕ," ಎಂದು ಮತ್ತೆ ಶೇಂಗಾ ಸುಲಿಯತೊಡಗಿದರು.

"ಮತ್ತ ಹೂವು?"

"ಹೂವಿನ ಸುದ್ದಿ ನನಗ ಬಿಡು. ನೀ ಒಲಿ ಹಚ್ಚು ಹೋಗು."

ನನಗೆ ಏನೂ ತಿಳಿಯಲಿಲ್ಲ. ಹರಕೆಯ ಕೋಳಿಯೇ ತಪ್ಪಿಸಿಕೊಂಡಂತೆ ಎದ್ದು ಒಳಗೆ ಓಡಿದೆ.

ದಾದಾಪೀರಣ್ಣ ಪ್ಯಾಕಿಂಗ್ ತಟ್ಟೆಗಳನ್ನು ಒಂದೊಂದಾಗಿ ತೆಗೆದ. ಮುಂದಿನ ಗಾಲಿ ತಿರುಗುವ ಕೀಲುಗಳಿಗೆ ಹೊಸ ಬೇರಿಂಗ್ ಕೂರಿಸಿದ. ಗಾಡಿ ಕೆಳಗಿಳಿದಂತೆ, ಇಳಿಜಾರಾಗಿ ನೇತುಬಿದ್ದಿದ್ದ ಸ್ಟೀರಿಂಗಿನ ರಾಡು ಮಟ್ಟಕ್ಕೆ ಬಂತು. ಟೈರೂ ಒಂದು ಅಳತೆ ಸಣ್ಣದಾಯಿತು. ಕೂಡ್ಲಿಗಿ ರಸ್ತೆಯಲ್ಲಿ ಒಂದು ಸುತ್ತು ಹೋಗಿ, ಬೇಕೆಂದೇ ತಗ್ಗು ಹುಡುಕಿ ಹುಡುಕಿ ಹಾರಿಸಿದೆ. ಸ್ಟೀರಿಂಗ್ ಕೈಯಲ್ಲಿ ಮಲಗಿದ ಕೂಸಿನ ಹಾಗೆ ಸುಮ್ಮನಿತ್ತು. ಎಷ್ಟು ಖುಷಿಯಾಯಿತೆಂದರೆ ತವರಿನವರೆಗೂ ಹೋಗಿ, ಅವ್ವನ ಕೈಯ ಚಾ ಕುಡಿದು ಬಂದೆ.

ಆದರೆ ಪರೀಕ್ಷೆ ಬಾಕಿ ಇತ್ತು. ಬೇಸಿಗೆ ರಜೆ ಮುಗಿದು ಶಾಲೆ ಶುರುವಾದ ಹೊಸದರಲ್ಲಿ ಎರಡು ದಿನ ಬಿಡದೆ ಮಳೆ ಹೊಡೆಯಿತು. ಮೂರನೇ ದಿನ ಬೆಳಗ್ಗೆ ಬಸವರಾಜ ರಜೆ ಹಾಕಿ ಪ್ಯಾಂಟು ಮೊಣಕಾಲಿಗೆ ಮಡಚಿಕೊಂಡು ನಿಂತಿದ್ದರು. "ನಾನೂ ಬರ್ತೀನಿ. ಹುಗದ್ರ ನೂಕಾಕಾದ್ರೂ ಒಬ್ಬರು ಬೇಕಲ್ಲ." ನಾನು ಜೀಪು ಚಾಲೂ ಮಾಡುವಷ್ಟರಲ್ಲಿ ಒಳಗಿನಿಂದ ಅತ್ತೆ ಬಂದರು. ಹಬ್ಬಕ್ಕೆ ಉಡುವ ಇಳಕಲ್ ಸೀರೆ, ತಲೆತುಂಬ ಮಲ್ಲಿಗೆ, ಕೈಯಲ್ಲಿ ಬುತ್ತಿಯ ಗಂಟು. ಮಗ ಬಾಯಿ ತೆರೆಯುವ ಮೊದಲೇ, "ಬಸ್ಯಾ, ನೀ ಹಿಂದ ಕುಂದ್ರು" ಎಂದು, ಒಂದು ಕಾಲನ್ನು ಮೆಟ್ಟಿಲಿಗಿಟ್ಟು, ಕಂಬಿ ಹಿಡಿದು, ನನ್ನ ಪಕ್ಕದ ಸೀಟಿಗೆ ಹತ್ತಿಯೇಬಿಟ್ಟರು. ಅವರೇ ದಿನಾ ಒರೆಸುತ್ತಿದ್ದ ಸೀಟು.

ಬೇವಿನ ಮರದ ಹತ್ತಿರ ಡಾಂಬರು ಮುಗಿಯಿತು. ಮುಂದೆ ದಾರಿ ಎಂಬುದೇ ಇರಲಿಲ್ಲ, ಕರಿ ಹೂರಣ ಕಲಸಿಟ್ಟಂತಿತ್ತು. ನಾಲ್ಕೂ ಗಾಲಿಗೆ ಎಳೆತ ಕೊಡುವ ಲಿವರ್ ಹಾಕಿ ಮೆಲ್ಲಗೆ ಇಳಿಸಿದೆ. ಜೀಪು ಒಮ್ಮೆ ಎಡಕ್ಕೆ ಜಾರಿತು, ಒಮ್ಮೆ ಬಲಕ್ಕೆ. ಹಿಂದಿನಿಂದ ಬಸವರಾಜ "ಮೆಲ್ಲಕ, ಮೆಲ್ಲಕ" ಎನ್ನುತ್ತಿದ್ದರು. ಹಳ್ಳದ ಏರಿನಲ್ಲಿ ಗಾಲಿಗಳು ಗಿರ್ರನೆ ಸುತ್ತಿದವು, ಗಾಡಿ ಮುಂದೆ ಹೋಗಲಿಲ್ಲ. ಮಾರಾಟವಾದ ಜೀಪು, ಬಾಡಿಗೆಯ ಕೋಣೆ, ಒಬ್ಬಳೇ ಉಣ್ಣುವ ಊಟ ಎಲ್ಲ ಕಣ್ಣಿಗೆ ಬಂತು. ಆಕ್ಸಲರೇಟರ್ ಒತ್ತಬೇಕೆಂದ ಕಾಲನ್ನು ತಡೆದು, ಇನ್ನೂ ನಿಧಾನ ಮಾಡಿದೆ. ಒಂದು ಗೇಣು ಹಿಂದಕ್ಕೆ ಬಿಟ್ಟು, ಮತ್ತೆ ಅದೇ ಜಾಡಿನಲ್ಲಿ ಮುಂದಕ್ಕೆ. ಮುಂದಿನ ಗಾಲಿ ಮಣ್ಣು ಕಚ್ಚಿತು. ಹಿಂದಿನದು ಅದರ ಹೆಜ್ಜೆಯಲ್ಲಿ ಹೆಜ್ಜೆ ಇಟ್ಟಿತು. ಜೀಪು ತಿಣುಕುತ್ತಾ, ನರಳುತ್ತಾ, ಏರು ಹತ್ತಿ ಮೇಲೆ ಬಂತು.

ಶಾಲೆಯ ವರಾಂಡದಲ್ಲಿ ಮಕ್ಕಳು ಕೂಗಿ ಕುಣಿದರು. ನನ್ನ ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲಿಲ್ಲ. ಮುಖದ ತುಂಬ ಕೆಸರು ಸಿಡಿಸಿಕೊಂಡ ಬಸವರಾಜ, "ಆತು ಬಿಡು ಮಾರಾಯ್ತಿ, ಗೆದ್ದಿ. ಗಾಡಿ ಇರ್ಲಿ," ಎಂದರು. ನಾನು ಅತ್ತೆಯ ಕಡೆ ತಿರುಗಿದೆ. ಹೆದರಿದ್ದಾರೇನೋ ಎಂದುಕೊಂಡಿದ್ದೆ. ಅವರು ಎರಡೂ ಕೈಯಿಂದ ಮುಂದಿನ ಕಂಬಿ ಹಿಡಿದು, ಗಾಜಿನಾಚೆಯ ಹೊಲಗಳನ್ನು ನೋಡುತ್ತಾ, ಹಲ್ಲಿಲ್ಲದ ಬಾಯಿ ತುಂಬ ನಗುತ್ತಿದ್ದರು.

"ಸುಜಾತಾ, ಈಗ ಹೇಳಬಹುದು. ಕೆಲಸ ಕೈಗೂಡೇತಿ," ಎಂದರು. "ನಾ ಹುಟ್ಟಿದಾಗಿಂದ ಬಂಡ್ಯಾಗೂ ಹಿಂದ, ಟ್ರಾಕ್ಟರ್‌ನ್ಯಾಗೂ ಹಿಂದ. ಮುಂದ ಹೆಂಗ ಕಾಣತೈತಿ ಅಂತ ಗೊತ್ತ ಇದ್ದಿಲ್ಲ. ನಿನ್ನ ಗಾಡಿ ನೋಡಿದ್ರ ಆಸೆ, ಹತ್ತಾಕ ನೋಡಿದ್ರ ಎದೆಮಟ್ಟ. ಕೇಳಾಕ ನಾಚಿಕಿ. ಆವತ್ತು ಹನುಮಪ್ಪನ್ನ ನಾ ಕೇಳಿದ್ದು ಇಷ್ಟ: ಎಪ್ಪಾ, ಸೊಸಿ ಗಾಡ್ಯಾಗ ಮುಂದಿನ ಸೀಟಿನ್ಯಾಗ ನಾ ಕುಂದ್ರಾ ದಿನ ಬರತೈತೇನು?"

ನಾನು ಅವರ ಕೆಸರು ಸಿಡಿದ ಕೈ ಹಿಡಿದುಕೊಂಡೆ. ಹಿಂದಿನ ಸೀಟಿನಿಂದ ಬಸವರಾಜರ ದನಿ ಬಂತು:

"ಯವ್ವಾ! ಮತ್ತ ನಾಲ್ಕು ಮಂದಿ ಎತ್ತಿ ತಂದ ಆ ಹರಪನಹಳ್ಳಿ ಆಕ್ಸಲ್?"

ಅತ್ತೆ ತಿರುಗಿಯೂ ನೋಡಲಿಲ್ಲ. "ಅಂಗಳದಾಗ ನೆಡು. ಮಲ್ಲಿಗಿ ಹಬ್ಬಸ್ತೀನಿ," ಎಂದರು.